ಕ್ಲೆಮ್ಸನ್‌ಗೆ ಹೊರಗಿನ ಆಟಗಾರರು ಬೇಕಾ?

ಪ್ರಶ್ನೆ: 2024ರ ಸೀಸನ್‌ಗೆ ನಮ್ಮ ಕ್ಲೆಮ್ಸನ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಕೋಚ್ ಡಾಬೊ ಸ್ವಿನಿ ಟ್ರಾನ್ಸ್‌ಫರ್ ಪೋರ್ಟಲ್‌ನಿಂದ (ಕಾಲೇಜು ಬದಲಿಸಬಯಸುವ ಆಟಗಾರರ ಪಟ್ಟಿ) ಒಬ್ಬರನ್ನೂ ತರಲಿಲ್ಲ. ಪ್ಲೇಆಫ್‌ನಲ್ಲಿ ಟೆಕ್ಸಸ್ ಎದುರು 38-24ಕ್ಕೆ ಸೋತೆವು. ಅವರ ಜೇಡನ್ ಬ್ಲೂ 77 ಗಜ ಓಡಿ ಟಚ್‌ಡೌನ್ ಮಾಡಿದಾಗ ಕರುಳು ಹಿಂಡಿದ ಹಾಗಾಯ್ತು. ಈ ಹಟ ಸಾಕಲ್ವಾ?

ಉತ್ತರ: ಅದೇ ಸೀಸನ್‌ನ ನಮ್ಮ ಲೀಗ್ ಎಸಿಸಿಯ ಫೈನಲ್ ಮರೆತುಬಿಟ್ಟಿರಾ? ಎಸ್‌ಎಂಯು ತಂಡದ ಜತೆ 31-31 ಸಮ. ಕೊನೇ ಒದೆತ, 56 ಗಜ, ಗೋಲು, ಗೆದ್ದೆವು! ಒದ್ದವನು ನೋಲನ್ ಹೌಸರ್, ಹೈಸ್ಕೂಲಿನಿಂದ ನೇರ ಬಂದ ಮೊದಲ ವರ್ಷದ ಹುಡುಗ. ಎಸೆದ ಚೆಂಡು ಹಿಡಿಯುವ ರಿಸೀವರ್ ಬ್ರಯಂಟ್ ವೆಸ್ಕೊ ಕೂಡ ಹಾಗೇ ಬಂದವನು.

ಇನ್ನೊಬ್ಬರ ಉತ್ತರ: ಕಿಕ್ಕರ್, ರಿಸೀವರ್ ಸರಿ. ಎದುರಾಳಿಗೆ ಮೈಯೊಡ್ಡುವ ಮುಂದಿನ ಸಾಲು, ಅಂದರೆ ಲೈನ್‌ನಲ್ಲಿ ಮಾತ್ರ 18ರ ಹುಡುಗ 22ರವನನ್ನು ತಡೆಯೋದು ಕಷ್ಟ. ಅಲ್ಲಿಗಾದರೂ ಪಳಗಿದವರು ಬೇಕು.

ಪ್ರಶ್ನೆ ಕೇಳಿದವರು: ನಾನೂ ಅಷ್ಟೇ ಕೇಳ್ತಿರೋದು. ಇಡೀ ತಂಡ ಬದಲಿಸಿ ಅಂತಲ್ಲ, ಲೈನ್‌ಗೆ ಇಬ್ಬರನ್ನು ತನ್ನಿ.