ರಿಂಗ್‌ಬ್ಯಾಕ್, ಕ್ವೈಟ್ ಲೈನ್: ಕನ್ನಡದಲ್ಲಿ ಏನನ್ನೋಣ?

ಬ್ರಿಟನ್ನಿನ ಟೆಲಿಫೋನ್ ಲೈನ್‌ಮನ್‌ಗಳ ಕೆಲಸದ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಪದಗಳ ಹತ್ತಿರ ಗಾಡಿ ನಿಂತಿದೆ.

ಅಲ್ಲಿನ ಬಿಟಿ (ಬ್ರಿಟಿಷ್ ಟೆಲಿಕಾಂ) ಕಂಪನಿಯ ಲೈನಿನಿಂದ 17070 ಒತ್ತಿದರೆ ಯಂತ್ರದ ದನಿಯೊಂದು ಆ ಲೈನಿನದೇ ನಂಬರನ್ನು ಓದಿ ಹೇಳುತ್ತದೆ. ಬೀದಿ ಬದಿಯ ಪೆಟ್ಟಿಗೆಯಲ್ಲಿ ನೂರಾರು ಜೋಡಿ ತಂತಿ ಇರುತ್ತವೆ. ಯಾವುದು ಯಾರ ಮನೆಯದು ಅಂತ ಸುಮ್ನೆ ನೋಡಿ ಹೇಳೋಕಾಗಲ್ಲ, ಅಲ್ವಾ? ಆಮೇಲೆ 1 ಒತ್ತಿದರೆ ರಿಂಗ್‌ಬ್ಯಾಕ್, 2 ಒತ್ತಿದರೆ ಕ್ವೈಟ್ ಲೈನ್.

ಇಲ್ಲಿ ರಿಂಗ್‌ಬ್ಯಾಕ್ ಅಂದರೆ, ಫೋನ್ ಇಟ್ಟ ಮೇಲೆ ಎಕ್ಸ್‌ಚೇಂಜೇ ಅದೇ ಫೋನಿಗೆ ರಿಂಗ್ ಕೊಡುತ್ತದೆ. ಒಬ್ಬನೇ ಇದ್ದರೂ ಗಂಟೆ ಬಡಿಯುತ್ತದಾ ಅಂತ ನೋಡಬಹುದು. ಆದರೆ ರಿಂಗ್‌ಬ್ಯಾಕ್ ಟೋನ್ ಬೇರೆಯೇ. ಅದು ಫೋನ್ ಮಾಡಿದವರ ಕಿವಿಗೆ ಕೇಳುವ ಸದ್ದು: 0.4 ಸೆಕೆಂಡ್ ಸದ್ದು, 0.2 ಬಿಡುವು, ಮತ್ತೆ 0.4 ಸದ್ದು, ಆಮೇಲೆ 2 ಸೆಕೆಂಡ್ ಬಿಡುವು. ಈ ತಾಳ ಬ್ರಿಟನ್ನಿಗೂ ಭಾರತಕ್ಕೂ ಒಂದೇ. ನಮ್ಮ ಕಾಲರ್ ಟ್ಯೂನ್ ಬಂದು ಕೂತಿದ್ದು ಇದರ ಜಾಗದಲ್ಲೇ. ಸಾಲದ್ದಕ್ಕೆ, ಆ ಕಡೆ ಎಂಗೇಜ್ ಇದ್ದಾಗ 5 ಒತ್ತಿಟ್ಟರೆ ಲೈನ್ ಬಿಡುವಾದ ಮೇಲೆ ತಿಳಿಸುವ ಸೌಲಭ್ಯಕ್ಕೂ ಬಿಟಿಯವರು ರಿಂಗ್ ಬ್ಯಾಕ್ ಅಂತಲೇ ಹೆಸರಿಟ್ಟಿದ್ದಾರೆ. ಎಲ್ಲಕ್ಕೂ 'ಮರುಕರೆ' ಅಂದುಬಿಟ್ಟರೆ ಓದುವವರ ಗತಿ ಏನು? ಲೈನ್‌ಮನ್ ಮಾಡುವುದಕ್ಕೆ ನಾನು 'ಗಂಟೆ ಪರೀಕ್ಷೆ' ಅಂತ ಬರೆದುಕೊಂಡಿದ್ದೇನೆ.

ಕ್ವೈಟ್ ಲೈನಿನದು ಜಾಸ್ತಿ ತಲೆನೋವು. 'ಮೌನ ಲೈನ್' ಅಂದರೆ ನಮ್ಮವರು ಫೋನ್ ಡೆಡ್ ಆಗಿದೆ ಅಂದುಕೊಳ್ಳುತ್ತಾರೆ. ಅಲ್ಲಿ ಲೈನಿಗೆ ಜೀವ ಇದೆ, ಎಕ್ಸ್‌ಚೇಂಜ್ ಮಾತ್ರ ತನ್ನ ಸದ್ದು ನಿಲ್ಲಿಸಿರುತ್ತದೆ. ಡಯಲ್ ಟೋನ್ ಇರುವಾಗ ಸಣ್ಣಪುಟ್ಟ ಸದ್ದೆಲ್ಲ ಅದರಡಿ ಮುಚ್ಚಿಹೋಗುತ್ತದೆ. ಟೋನ್ ಹೋದಾಗ ಉಳಿದದ್ದೆಲ್ಲ ಲೈನಿನದೇ. ಚಟಪಟ ಅಂದರೆ ಜಾಯಿಂಟಿಗೆ ಕಿಲುಬು ಹಿಡಿದಿರಬಹುದು, ಇಲ್ಲಾ ಕೇಬಲ್ ಒಳಗೆ ನೀರು ಇಳಿದಿರಬಹುದು. ಗುಂಯ್ ಅಂತಿದ್ದರೆ ಕರೆಂಟಿನ ಕಾಟ. ಹುಡುಕುತ್ತಿರುವುದೇ ಸದ್ದನ್ನು. ಹಾಗಾಗಿ ಮೂಲಕ್ಕೆ ಉಲ್ಟಾ ಆದರೂ 'ಸದ್ದು ಪರೀಕ್ಷೆ' ಅನ್ನೋದೇ ನನಗೆ ಸರಿ ಕಾಣುತ್ತದೆ.

ಟೆಲಿಫೋನ್ ಇಲಾಖೆಯಲ್ಲಿ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಹೇಳಿ. ಡಿಪಿ ಬಾಕ್ಸ್ (ಮನೆಮನೆಗೆ ಲೈನ್ ಹಂಚುವ ಪೆಟ್ಟಿಗೆ) ತೆಗೆದು ಲೈನ್ ನೋಡುವಾಗ ನಿಮ್ಮ ನಿಮ್ಮಲ್ಲಿ ಇವಕ್ಕೆ ಏನಂತಿದ್ದಿರಿ? ಇಂಗ್ಲಿಷೇ ಆದರೂ ಅಡ್ಡಿಯಿಲ್ಲ, ನಿಮ್ಮ ಬಾಯಲ್ಲಿ ಹೇಗೆ ಬರುತ್ತಿತ್ತೋ ಹಾಗೇ ಬರೆಯಿರಿ.