ಲಿಡ್ ಮುಚ್ಚಿ ತೆಗೆದ್ರೆ ಬ್ಲೂಟೂತ್ ಕಾಣೆ, ತಲೆ ಕೆಟ್ಟೋಗಿದೆ, ಯಾರಾದ್ರೂ ದಾರಿ ಹೇಳಿ

ಕ್ಯಾತ್ಸಂದ್ರ_ಹುಡುಗ:
ಎಲ್ರಿಗೂ ನಮಸ್ಕಾರ. ನಾನು ದಿನಾ ತುಮಕೂರಿಂದ ಯಶವಂತಪುರಕ್ಕೆ ಟ್ರೈನಲ್ಲಿ ಓಡಾಡೋನು. ನಂದು ಲಿನಕ್ಸ್ ಲ್ಯಾಪ್‌ಟಾಪು. ಮನೇಲಿ ಹೆಡ್‌ಫೋನು ಮೌಸು ಎರಡೂ ಬ್ಲೂಟೂತಲ್ಲಿ ಚೆನ್ನಾಗೇ ನಡೀತಿರ್ತವೆ, ಲಿಡ್ ಮುಚ್ಚಿ ಬ್ಯಾಗಿಗೆ ಹಾಕ್ಕೊಂಡು ಹೊರಟು, ಟ್ರೈನಲ್ಲಿ ಸೀಟ್ ಸಿಕ್ಕಿ ತೆಗೆಯೋ ಹೊತ್ತಿಗೆ ಬ್ಲೂಟೂತೇ ಇಲ್ಲ. ಐಕಾನ್ ಬೂದಿ ಬಣ್ಣ, ಒತ್ತಿದ್ರೂ ಆನ್ ಆಗಲ್ಲ. ಬ್ಲೂಟೂತ್ ಸರ್ವಿಸ್ ರೀಸ್ಟಾರ್ಟ್ ಮಾಡಿದ್ದೂ ಆಯ್ತು. ವೈಫೈ ಮಾತ್ರ ಸರಿಯಾಗಿದೆ. ಒಂದೊಂದ್ ಸಲ ಲ್ಯಾಪ್‌ಟಾಪೇ ರೀಸ್ಟಾರ್ಟ್ ಮಾಡಿದ್ರೂ ಬರಲ್ಲ, ಪೂರ್ತಿ ಶಟ್‌ಡೌನ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದ್ರೆ ಬರತ್ತೆ. ಬೆಳಗ್ಗೆ ಮೀಟಿಂಗ್ ಟ್ರೈನಲ್ಲೇ ಅಟೆಂಡ್ ಮಾಡ್ಬೇಕು, ದಿನಾ ಇದೇ ಗೋಳು. ದಯವಿಟ್ಟು ಪರಿಹಾರ ಹೇಳಿ.

ಗುಬ್ಬಿ_ಆರ್ಚ್:
ಇದು ಆಟೋಸಸ್ಪೆಂಡ್ ಗುರು, ಅಂದ್ರೆ ಸುಮ್ನಿರೋ ಯುಎಸ್‌ಬಿ ಡಿವೈಸನ್ನ ಕರೆಂಟ್ ಉಳಿಸೋಕೆ ತಾನಾಗೇ ಮಲಗಿಸೋದು, ಕಣ್ಣು ಮುಚ್ಚಿ ಹೇಳ್ತೀನಿ. ಬಿಟಿಯುಎಸ್‌ಬಿ ಅನ್ನೋ ಬ್ಲೂಟೂತ್ ಡ್ರೈವರ್ ಮಾಡ್ಯೂಲಿಗೆ ಎನೇಬಲ್_ಆಟೋಸಸ್ಪೆಂಡ್ ಈಕ್ವಲ್ ಎನ್ ಅಂತ ಆಪ್ಷನ್ ಕೊಟ್ಟು ಡ್ರೈವರ್ ಆಪ್ಷನ್ ಇಡೋ ಮೋಡ್‌ಪ್ರೋಬ್ ಡಿ ಫೋಲ್ಡರಲ್ಲಿ ಒಂದು ಕಾನ್ಫ್ ಫೈಲ್ ಹಾಕು, ರೀಬೂಟ್ ಮಾಡು, ಮುಗೀತು.

ಬಂಗಾರಪೇಟೆ_ಬ್ಯಾಷ್:
ಯಾವ ಡಿಸ್ಟ್ರೋ (ಲಿನಕ್ಸಿನ ಯಾವ ಬಗೆ), ಯಾವ ಕರ್ನಲ್ (ಅದರ ಒಳತಿರುಳು), ಯಾವ ವೈಫೈ-ಬ್ಲೂಟೂತ್ ಕಾರ್ಡ್, ಒಂದೂ ಹೇಳಿಲ್ವಲ್ಲಣ್ಣ. ಸಿಸ್ ಪವರ್ ಒಳಗೆ ಮೆಮ್_ಸ್ಲೀಪ್ ಅಂತ ಫೈಲ್ ಇರತ್ತೆ, ಅದನ್ನ ಕ್ಯಾಟ್ ಕಮಾಂಡಲ್ಲಿ ತೆರೆದು ನೋಡಿ. ಎಸ್2ಐಡಲ್ (ಹಗುರ ನಿದ್ದೆ) ಸುತ್ತ ಚೌಕ ಬ್ರಾಕೆಟ್ ಇದ್ರೆ ಡೀಪ್‌ಗೆ (ಗಾಢ ನಿದ್ದೆ, ಎಸ್3) ಬದಲಾಯಿಸಿ. ನಂದು ಅದರಿಂದಲೇ ಸರಿಹೋಗಿದ್ದು.

ಕ್ಯಾತ್ಸಂದ್ರ_ಹುಡುಗ:
ಲಿನಕ್ಸ್ ಮಿಂಟ್ 22. ಕಾರ್ಡ್ ಯಾವುದು ಅಂತ ಗೊತ್ತಿಲ್ಲ, ಲ್ಯಾಪ್‌ಟಾಪ್ ಜೊತೇಲೇ ಬಂದಿದ್ದು. ಗುಬ್ಬಿ ಅಣ್ಣ ಹೇಳಿದ ಫೈಲ್ ಹಾಕ್ದೆ, ರೀಬೂಟ್ ಮಾಡ್ದೆ, ಏನೂ ಬದಲಾಗ್ಲಿಲ್ಲ. ಮೆಮ್_ಸ್ಲೀಪಲ್ಲಿ ಎಸ್2ಐಡಲ್ ಒಂದೇ ಇದೆ, ಡೀಪ್ ಅನ್ನೋದೇ ಇಲ್ಲ.

ಗುಬ್ಬಿ_ಆರ್ಚ್:
ಅಪ್‌ಡೇಟ್ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಹೊತ್ತಿನ ಫೈಲ್ ಕಟ್ಟನ್ನ ಹೊಸದಾಗಿ ಮಾಡೋ ಕಮಾಂಡು) ಕೊಟ್ಯಾ? ಕೊಟ್ಟಿಲ್ಲ ಅಂದ್ರೆ ಕೊಡು. ಆಗ್ಲೂ ಬರ್ಲಿಲ್ಲ ಅಂದ್ರೆ ಅದೇ ಆಪ್ಷನ್ನನ್ನ ಗ್ರಬ್ (ಬೂಟ್ ಲೋಡರ್) ಲೈನಲ್ಲಿ, ಬಿಟಿಯುಎಸ್‌ಬಿ ಹೆಸರಾದ್ಮೇಲೆ ಚುಕ್ಕೆ ಇಟ್ಟು ಬರಿ. ಕಾರಣ ಆಟೋಸಸ್ಪೆಂಡೇ, ಬೇರೆ ಏನೂ ಇರಕ್ಕೆ ಸಾಧ್ಯ ಇಲ್ಲ.

ಬಂಗಾರಪೇಟೆ_ಬ್ಯಾಷ್:
ಡೀಪ್ ಇಲ್ಲ ಅಂದ್ರೆ ಬಯಾಸಲ್ಲಿ ಹುಡುಕಿ, ಕೆಲವು ಲ್ಯಾಪ್‌ಟಾಪಲ್ಲಿ ಸ್ಲೀಪ್ ಸ್ಟೇಟ್ ಅಂತ ಲಿನಕ್ಸ್‌ಗೆ ಬೇರೆ ಆಪ್ಷನ್ ಕೊಟ್ಟಿರ್ತಾರೆ.

ಗುಬ್ಬಿ_ಆರ್ಚ್:
ಹೊಸ ಲ್ಯಾಪ್‌ಟಾಪಲ್ಲಿ ಎಸ್3ಯನ್ನೇ ತೆಗೆದುಬಿಟ್ಟಿದ್ದಾರೆ, ಇಲ್ಲದ್ದನ್ನ ಬಯಾಸಲ್ಲಿ ಎಲ್ಲಿಂದ ತರ್ತಾನೆ? ಸುಮ್ನೆ ಅಲೆದಾಡಿಸ್ಬೇಡಿ ಅವನನ್ನ.

ಬಂಗಾರಪೇಟೆ_ಬ್ಯಾಷ್:
ಎಲ್ಲಾದ್ರಲ್ಲೂ ತೆಗೆದಿಲ್ಲ, ನೋಡಿ ಅಂತ ಅಷ್ಟೇ ಹೇಳಿದ್ದು. ನಿಮ್ಮ ಫೈಲ್ ಹಾಕಿದ್ರೂ ಸರಿಹೋಗಿಲ್ಲ ಅನ್ನೋದನ್ನ ಮೊದ್ಲು ಗಮನಿಸಿ.

ಶಿಡ್ಲಘಟ್ಟ_ಸೆಟಪ್:
ಸೌಂಡ್ ನೋಡ್ಕೊಳ್ಳೋ ಪೈಪ್‌ವೈರ್ ತೊಂದರೆ ಇರ್ಬೋದಾ? ಮಿಂಟ್ 22ರಲ್ಲಿ ಪಲ್ಸ್‌ಆಡಿಯೋ ಬದಲು ಅದೇ ಡಿಫಾಲ್ಟ್ ಆಗಿದೆ. ನಂಗೂ ಹೆಡ್‌ಫೋನ್ ಕನೆಕ್ಟ್ ಆದ್ಮೇಲೆ ಮೀಟಿಂಗಲ್ಲಿ ಸೌಂಡ್ ಡಬ್ಬದೊಳಗಿಂದ ಬಂದಂಗೆ ಬತ್ತದೆ.

ಹಳೇ_ಕರ್ನಲ್:
ಶಿಡ್ಲಘಟ್ಟದವ್ರೇ, ನಿಮ್ದು ಬೇರೆ ವಿಷಯ. ಮೈಕ್ ಆನ್ ಆದ ತಕ್ಷಣ ಹೆಡ್‌ಫೋನ್ ಎ2ಡಿಪಿ (ಹಾಡು ಕೇಳೋ ಮೋಡು) ಬಿಟ್ಟು ಎಚ್‌ಎಫ್‌ಪಿ (ಕಾಲ್ ಮಾಡೋ ಮೋಡು) ಪ್ರೊಫೈಲಿಗೆ ಹೋಗತ್ತೆ, ಅಲ್ಲಿ ದನಿ ಕುಗ್ಗಿಸೋ ಕೋಡೆಕ್ ಎಂಎಸ್‌ಬಿಸಿ ಇದ್ರೆ 16 ಕಿಲೋಹರ್ಟ್ಜ್, ಸಿವಿಎಸ್‌ಡಿ ಆದ್ರೆ ಬರೀ 8. ಫೋನ್ ಕಾಲ್ ಗುಣಮಟ್ಟ ಅಷ್ಟೇ ಸಿಗೋದು. ಲ್ಯಾಪ್‌ಟಾಪಿನ ಒಳಗಿನ ಮೈಕನ್ನೇ ಬಳಸಿ, ಸೌಂಡ್ ಚೆನ್ನಾಗೇ ಇರತ್ತೆ.

ಈಗ ಕ್ಯಾತ್ಸಂದ್ರದವ್ರಿಗೆ. ಬ್ಲೂಟೂತ್ ಕೆಲಸ ಮಾಡ್ತಿಲ್ಲ ಅನ್ನೋದ್ರಲ್ಲೇ ಕನಿಷ್ಠ ಮೂರು ಬೇರೆ ಬೇರೆ ಕಾಯಿಲೆ ಇವೆ, ಯಾವುದು ಅಂತ ತಿಳಿಯದೆ ಔಷಧಿ ಕೊಟ್ರೆ ಹೀಗೇ ಸುತ್ತಾಡ್ತಿರ್ತೀವಿ. ಆರ್‌ಎಫ್‌ಕಿಲ್ (ವೈರ್‌ಲೆಸ್ ಆಫ್ ಮಾಡೋ ಸ್ವಿಚ್) ಬ್ಲಾಕ್ ಆಗಿರ್ಬೋದು, ಬ್ಲೂಟೂತ್ ಅಡಾಪ್ಟರ್ ಇದ್ದೂ ಕರ್ನಲ್ ಕಮಾಂಡಿಗೆ ಉತ್ತರ ಕೊಡದೇ ಇರ್ಬೋದು, ಅಥವಾ ಅಡಾಪ್ಟರೇ ಯುಎಸ್‌ಬಿ ಬಸ್ಸಿಂದ (ಡಿವೈಸುಗಳು ಸೇರೋ ದಾರಿ) ಮಾಯ ಆಗಿರ್ಬೋದು. ಲ್ಯಾಪ್‌ಟಾಪ್ ಒಳಗಿರೋ ವೈಫೈ ಕಾರ್ಡು ಸಾಮಾನ್ಯವಾಗಿ ಕಾಂಬೋ ಕಾರ್ಡು, ವೈಫೈ ಭಾಗ ಪಿಸಿಐ ಎಕ್ಸ್‌ಪ್ರೆಸ್ಸಲ್ಲಿ ಕೂತಿರತ್ತೆ, ಬ್ಲೂಟೂತ್ ಭಾಗ ಒಳಗೊಳಗೇ ಯುಎಸ್‌ಬಿಯಲ್ಲಿ. ಅದಕ್ಕೇ ವೈಫೈ ನಡೀತಿದ್ರೂ ಬ್ಲೂಟೂತ್ ಹೋಗಿರ್ಬೋದು. ಸ್ಲೀಪಿಗೆ ಮುಂಚೆ ಒಂದ್ಸಲ, ಎದ್ಮೇಲೆ ಒಂದ್ಸಲ ಎಲ್‌ಎಸ್‌ಯುಎಸ್‌ಬಿ (ಯುಎಸ್‌ಬಿ ಡಿವೈಸ್ ಪಟ್ಟಿ ಕೊಡೋ ಕಮಾಂಡು) ಕೊಟ್ಟು ಎರಡನ್ನೂ ಹೋಲಿಸಿ ನೋಡಿ, ಆರ್‌ಎಫ್‌ಕಿಲ್ ಲಿಸ್ಟ್ ಏನ್ ಹೇಳತ್ತೆ ಅಂತಾನೂ ಹಾಕಿ, ಆಮೇಲೆ ಡಿಮೆಸ್ಗಲ್ಲಿ (ಕರ್ನಲ್ ಸಂದೇಶಗಳ ದಾಖಲೆ) ಯುಎಸ್‌ಬಿ ಅಂತ ಇರೋ ಕೊನೇ ಸಾಲುಗಳನ್ನ ಇಲ್ಲಿ ಅಂಟಿಸಿ.

ಕ್ಯಾತ್ಸಂದ್ರ_ಹುಡುಗ:
ಸಾರ್, ಮಾಡ್ದೆ. ಆರ್‌ಎಫ್‌ಕಿಲ್ಲಲ್ಲಿ ಮುಂಚೆ ಬ್ಲೂಟೂತು ವೈಫೈ ಎರಡಕ್ಕೂ ನೋ ನೋ (ಬ್ಲಾಕ್ ಇಲ್ಲ) ಅಂತಿತ್ತು, ಎದ್ಮೇಲೆ ಬ್ಲೂಟೂತ್ ಸಾಲೇ ಇಲ್ಲ. ಎಲ್‌ಎಸ್‌ಯುಎಸ್‌ಬಿಯಲ್ಲೂ ಮುಂಚೆ ಒಂದು ಬ್ಲೂಟೂತ್ ಸಾಲು ಇತ್ತು, ಎದ್ಮೇಲೆ ಅದಿಲ್ಲ, ಕ್ಯಾಮೆರಾ ಮಾತ್ರ ಇದೆ. ಡಿಮೆಸ್ಗಲ್ಲಿ ಯುಎಸ್‌ಬಿ 1-10 ಡಿವೈಸ್ ಡಿಸ್ಕ್ರಿಪ್ಟರ್ ರೀಡ್, ಎರರ್ ಮೈನಸ್ 110 ಅಂತ ಮತ್ತೆ ಮತ್ತೆ ಬಂದು, ಕೊನೇಗೆ ಡಿವೈಸ್ ನಾಟ್ ಆಕ್ಸೆಪ್ಟಿಂಗ್ ಅಡ್ರೆಸ್ ಅಂತಿದೆ.

ಹಳೇ_ಕರ್ನಲ್:
ಸಿಕ್ತು ನೋಡಿ. ಮೈನಸ್ 110 ಅಂದ್ರೆ ಟೈಮ್‌ಔಟ್. ಕರ್ನಲ್ಲು ಕಾರ್ಡನ್ನ ಕೂಗ್ತಿದೆ, ಕಾರ್ಡು ಓಗೊಡ್ತಿಲ್ಲ. ಈ ಸ್ಥಿತೀಲಿ ಬ್ಲೂಟೂತ್ ಸರ್ವಿಸ್ ರೀಸ್ಟಾರ್ಟ್ ಮಾಡಿ ಪ್ರಯೋಜನ ಇಲ್ಲ, ಬಿಟಿಯುಎಸ್‌ಬಿ ಮಾಡ್ಯೂಲ್ ತೆಗೆದು ಹಾಕಿದ್ರೂ ಪ್ರಯೋಜನ ಇಲ್ಲ, ಯಾಕಂದ್ರೆ ಅದು ಹಿಡ್ಕೊಳ್ಳೋಕೆ ಬಸ್ಸಲ್ಲಿ ಡಿವೈಸೇ ಇಲ್ಲ. ರೀಸ್ಟಾರ್ಟಲ್ಲಿ ಕಾರ್ಡಿಗೆ ಹೋಗೋ ಕರೆಂಟ್ ಕಟ್ ಆಗದೇ ಇರ್ಬೋದು, ಅದಕ್ಕೇ ಶಟ್‌ಡೌನ್ ಮಾಡಿದ್ರೆ ಮಾತ್ರ ವಾಪಸ್ ಬರತ್ತೆ.

ಇನ್ನೊಂದ್ ಪ್ರಶ್ನೆ. ಬ್ಯಾಟರಿ ಉಳಿಸೋಕೆ ಅಂತ ಟಿಎಲ್‌ಪಿ, ಪವರ್‌ಟಾಪ್, ಈ ಥರ ಏನಾದ್ರೂ ಹಾಕಿದ್ದೀರಾ?

ಕ್ಯಾತ್ಸಂದ್ರ_ಹುಡುಗ:
ಹೌದು ಸಾರ್ ಪವರ್‌ಟಾಪ್ ಇದೆ, ಟ್ರೈನಲ್ಲಿ ಚಾರ್ಜ್ ಸಾಕಾಗ್ಬೇಕಲ್ಲ, ಮನೇಲೂ ಸಂಜೆ ಹೊತ್ತು ಕರೆಂಟ್ ಹೋಗ್ತಿರತ್ತೆ. ಬೂಟ್ ಆದಾಗ ಆಟೋಟ್ಯೂನ್ ಓಡೋ ಥರ ಸರ್ವಿಸ್ ಮಾಡಿದ್ದೀನಿ. ಅದಕ್ಕೂ ಬ್ಲೂಟೂತಿಗೂ ಏನ್ ಸಂಬಂಧ?

ಹಳೇ_ಕರ್ನಲ್:
ಪೂರ್ತಿ ಸಂಬಂಧ ಇದೆ. ಗುಬ್ಬಿಯವರ ಆಪ್ಷನ್ನು ಬಿಟಿಯುಎಸ್‌ಬಿಗೆ ಸುಮ್ನಿರು, ಆಟೋಸಸ್ಪೆಂಡ್ ಆನ್ ಮಾಡ್ಬೇಡ ಅಂತ ಮಾತ್ರ ಹೇಳತ್ತೆ. ಅದಾದ್ಮೇಲೆ ಪವರ್‌ಟಾಪ್ ಆಟೋಟ್ಯೂನ್ ಬಂದು ಎಲ್ಲಾ ಯುಎಸ್‌ಬಿ ಡಿವೈಸಿನ ಪವರ್ ಕಂಟ್ರೋಲ್ ಫೈಲಿಗೂ ಆಟೋ (ಮಲಗಿಸ್ಬೋದು) ಅಂತ ಬರೆದುಬಿಡತ್ತೆ. ಈಗ ಬ್ಲೂಟೂತ್ ಇರೋವಾಗ್ಲೇ ಸಿಸ್ ಬಸ್ ಯುಎಸ್‌ಬಿ ಡಿವೈಸಸ್ ಒಳಗೆ 1-10 (ನಿಮ್ಮ ಬ್ಲೂಟೂತ್ ಕೂತಿರೋ ಪೋರ್ಟು), ಅದರೊಳಗೆ ಪವರ್, ಅದರೊಳಗೆ ಕಂಟ್ರೋಲ್ ಅನ್ನೋ ಫೈಲ್ ಓದಿ ನೋಡಿ. ಆನ್ (ಮಲಗಿಸ್ಬೇಡ) ಅಂತಿರ್ಬೇಕು.

ಕ್ಯಾತ್ಸಂದ್ರ_ಹುಡುಗ:
ಆಟೋ ಅಂತಿದೆ ಸಾರ್!

ಗುಬ್ಬಿ_ಆರ್ಚ್:
ಮೊದಲನೇ ದಿನವೇ ಹೇಳ್ದೆ ಆಟೋಸಸ್ಪೆಂಡ್ ಅಂತ.

ಬಂಗಾರಪೇಟೆ_ಬ್ಯಾಷ್:
ಹೇಳಿದ್ರಿ, ಆದ್ರೆ ಆಪ್ಷನ್ ಯಾಕೆ ಹಿಡೀಲಿಲ್ಲ ಅಂತ ಕೇಳ್ಲಿಲ್ಲ. ಅದನ್ನ ಕೇಳಿದ್ದು ಸಾರ್.

ಹಳೇ_ಕರ್ನಲ್:
ಇಬ್ರೂ ಬಿಡಿ. ಕ್ಯಾತ್ಸಂದ್ರದವ್ರೇ, ಪವರ್‌ಟಾಪ್ ಸರ್ವಿಸನ್ನ ಡಿಸೇಬಲ್ ಮಾಡಿ, ಶಟ್‌ಡೌನ್ ಮಾಡಿ ಆನ್ ಮಾಡಿ, ಕಂಟ್ರೋಲ್ ಫೈಲ್ ಇನ್ನೊಂದ್ಸಲ ಓದಿ. ಬ್ಯಾಟರಿ ಉಳಿತಾಯ ಬೇಕೇಬೇಕು ಅಂದ್ರೆ ಟಿಎಲ್‌ಪಿ ಹಾಕಿ, ಅದರ ಕಾನ್ಫಿಗಲ್ಲಿ ಯುಎಸ್‌ಬಿ_ಎಕ್ಸ್‌ಕ್ಲೂಡ್_ಬಿಟಿಯುಎಸ್‌ಬಿ ಅಂತ ಒಂದು ಸಾಲಿದೆ, ಅದನ್ನ 1 ಮಾಡಿದ್ರೆ ಬ್ಲೂಟೂತನ್ನ ಮುಟ್ಟಲ್ಲ. ಎರಡನ್ನೂ ಒಟ್ಟಿಗೆ ಓಡಿಸ್ಬೇಡಿ, ಒಂದು ಬರೆದದ್ದನ್ನ ಇನ್ನೊಂದು ಅಳಿಸತ್ತೆ.

ಇಷ್ಟಾದ್ಮೇಲೂ ಯಾವತ್ತಾದ್ರೂ ಮಾಯ ಆದ್ರೆ ಶಟ್‌ಡೌನ್ ಮಾಡೋಕೆ ಹೋಗ್ಬೇಡಿ, ಯುಎಸ್‌ಬಿ ಕಂಟ್ರೋಲರನ್ನೇ ಒಂದ್ಸಲ ಬಿಡಿಸಿ ಕಟ್ಟಿ ನೋಡಿ. ಎಲ್‌ಎಸ್‌ಪಿಸಿಐ ಕೊಟ್ರೆ ಯುಎಸ್‌ಬಿ ಕಂಟ್ರೋಲರಿನ ನಂಬರ್ ಸಿಗತ್ತೆ, ಇಂಟೆಲ್ ಪ್ರೊಸೆಸರ್ ಲ್ಯಾಪ್‌ಟಾಪಲ್ಲಿ ಸಾಮಾನ್ಯವಾಗಿ 00:14.0 ಇರತ್ತೆ. ಅದರ ಶುರುವಲ್ಲಿ ನಾಕು ಸೊನ್ನೆ, ಒಂದು ಕೋಲನ್ ಸೇರಿಸಿ (0000:00:14.0 ಥರ), ಆ ಪೂರ್ತಿ ನಂಬರನ್ನ ಎಕ್ಸ್‌ಎಚ್‌ಸಿಐ_ಎಚ್‌ಸಿಡಿ ಅನ್ನೋ ಯುಎಸ್‌ಬಿ ಕಂಟ್ರೋಲರ್ ಡ್ರೈವರ್ ಫೋಲ್ಡರಿನ ಅನ್‌ಬೈಂಡ್ ಫೈಲಿಗೆ ರೂಟ್ (ಅಡ್ಮಿನ್) ಆಗಿ ಬರೀಬೇಕು, ಎರಡು ಸೆಕೆಂಡ್ ಬಿಟ್ಟು ಬೈಂಡ್ ಫೈಲಿಗೆ ಬರೀಬೇಕು. ಒಂದು ಎಚ್ಚರಿಕೆ, ಆ ಹೊತ್ತಲ್ಲಿ ಪೆನ್‌ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್ ಚುಚ್ಚಿರ್ಬಾರ್ದು, ಫೈಲ್ ಹಾಳಾಗತ್ತೆ. ಕ್ಯಾಮೆರಾನೂ ಒಂದ್ ಕ್ಷಣ ಹೋಗಿ ಬರತ್ತೆ.

ಶಿಡ್ಲಘಟ್ಟ_ಸೆಟಪ್:
ಇಷ್ಟೆಲ್ಲಾ ಯಾಕೆ, ಕಾರ್ಡೇ ಬದಲಾಯಿಸಿ. ನಾನು ಹಳೇ ಲ್ಯಾಪ್‌ಟಾಪಿಗೆ ಇಂಟೆಲ್ ಎಎಕ್ಸ್210 ವೈಫೈ ಕಾರ್ಡ್ ಹಾಕಿದ್ದೀನಿ, 32 ಜಿಬಿ ರ್‍ಯಾಮು, ಎರಡು ಮಾನಿಟರ್ರು, ಮೆಕ್ಯಾನಿಕಲ್ ಕೀಬೋರ್ಡು, ಎಲ್ಲಾ ಬೆಣ್ಣೆ ಥರ ಓಡ್ತದೆ. ಫೋಟೋ ಹಾಕ್ಲಾ?

ಬಂಗಾರಪೇಟೆ_ಬ್ಯಾಷ್:
ಕೀಬೋರ್ಡಲ್ಲಿ ಯಾವ ಸ್ವಿಚ್ ಅಣ್ಣ? ನಂದೂ ಇದೆ, ಬ್ರೌನು. ಮೇಲ್ಗಡೆ ಕನ್ನಡ ಅಕ್ಷರ ಇರೋ ಕೀಕ್ಯಾಪ್ ಎಲ್ಲಾದ್ರೂ ಸಿಗತ್ತಾ?

ಹಳೇ_ಕರ್ನಲ್:
ಕಾರ್ಡ್ ಬದಲಾಯಿಸೋಕೆ ಮುಂಚೆ ನೋಡ್ಕೊಳ್ಳಿ, ಎಎಕ್ಸ್201, ಎಎಕ್ಸ್211 ಇವು ಸಿಎನ್‌ವಿಐ ಕಾರ್ಡು (ಅರ್ಧ ಕೆಲಸ ಪ್ರೊಸೆಸರ್ ಕಡೆ ನಡೆಯೋ ಥರದ್ದು), ಹೊಂದೋ ಇಂಟೆಲ್ ಪ್ಲಾಟ್‌ಫಾರ್ಮ್ ಇದ್ರೆ ಮಾತ್ರ ನಡೆಯೋದು. ಎಎಕ್ಸ್210 ಮಾಮೂಲಿ ಪಿಸಿಐ ಎಕ್ಸ್‌ಪ್ರೆಸ್. ಕೆಲವು ಹಳೇ ಲ್ಯಾಪ್‌ಟಾಪಿನ ಬಯಾಸು ತನ್ನ ಪಟ್ಟೀಲಿ ಇಲ್ಲದ ಕಾರ್ಡ್ ಹಾಕಿದ್ರೆ ಬೂಟೇ ಆಗಲ್ಲ. ಸಾಫ್ಟ್‌ವೇರಲ್ಲಿ ಸರಿಹೋಗೋದಕ್ಕೆ ದುಡ್ಡು ಖರ್ಚು ಮಾಡಿಸ್ಬೇಡಿ.

ಕ್ಯಾತ್ಸಂದ್ರ_ಹುಡುಗ:
ಸಾರ್, ಪವರ್‌ಟಾಪ್ ಸರ್ವಿಸ್ ತೆಗೆದೆ, ಟಿಎಲ್‌ಪಿ ಹಾಕಿ ಆ ಸಾಲು 1 ಮಾಡ್ದೆ. ಕಂಟ್ರೋಲ್ ಫೈಲಲ್ಲಿ ಈಗ ಆನ್ ಅಂತಿದೆ. ಈ ವಾರ ಪೂರ್ತಿ ಮನೇಲಿ ಮುಚ್ಚಿ ಟ್ರೈನಲ್ಲಿ ತೆಗೀತಿದ್ದೀನಿ, ಹೆಡ್‌ಫೋನ್ ತಾನಾಗೇ ಕನೆಕ್ಟ್ ಆಗ್ತಿದೆ. ತುಂಬಾ ತುಂಬಾ ಥ್ಯಾಂಕ್ಸ್ ಸಾರ್, ಗುಬ್ಬಿ ಅಣ್ಣಂಗೂ ಥ್ಯಾಂಕ್ಸ್. ಬ್ಯಾಟರೀಲಿ ದೊಡ್ಡ ವ್ಯತ್ಯಾಸ ಏನೂ ಕಾಣ್ತಿಲ್ಲ. ಆದ್ರೆ ಮೌಸ್ ಮಾತ್ರ ಎದ್ಮೇಲೆ ಕನೆಕ್ಟ್ ಆಗೋಕೆ ಸ್ವಲ್ಪ ಹೊತ್ತು ತಗೊಳತ್ತೆ, ಅದಕ್ಕೇನಾದ್ರೂ ಇದ್ಯಾ?

ಗುಬ್ಬಿ_ಆರ್ಚ್:
ಬ್ಲೂಟೂತ್‌ಸಿಟಿಎಲ್ ಕಮಾಂಡಲ್ಲಿ ಆ ಮೌಸನ್ನ ಟ್ರಸ್ಟ್ ಮಾಡಿದ್ಯಾ ನೋಡು ಗುರು. ಪೇರ್ ಮಾಡಿ ಟ್ರಸ್ಟ್ ಮಾಡ್ದೇ ಬಿಟ್ಟಿದ್ರೆ ಹಂಗಾಗತ್ತೆ.

ಚಿಂತಾಮಣಿ_ಹೊಸಬ:
ನಂಗೂ ಇದೇ ಪ್ರಾಬ್ಲಮ್ಮು, ಡೆಸ್ಕ್‌ಟಾಪು, ಯುಎಸ್‌ಬಿ ಡಾಂಗಲ್. ಮೇಲೆ ಹೇಳಿದ್ದೆಲ್ಲಾ ಮಾಡ್ದೆ ಆಗ್ಲಿಲ್ಲ. ಬೇಗ ಹೇಳಿ.

ಹಳೇ_ಕರ್ನಲ್:
ಡಾಂಗಲ್ ಅಂದ್ರೆ ಬೇರೆ ಕಥೆ, ಹೊಸ ಥ್ರೆಡ್ ಶುರು ಮಾಡಿ. ಕಡಿಮೆ ಬೆಲೆ ಡಾಂಗಲಲ್ಲಿ ಸಿಎಸ್‌ಆರ್ ಕಂಪನಿ ಚಿಪ್ಪಿನ ನಕಲಿ ತುಂಬಾ ಇವೆ, ಅವಕ್ಕೆ ಕರ್ನಲ್ಲಲ್ಲೇ ಬೇರೆ ತಿದ್ದುಪಡಿ ಹಾಕಿದ್ದಾರೆ. ಎಲ್‌ಎಸ್‌ಯುಎಸ್‌ಬಿ ಸಾಲು, ಕರ್ನಲ್ ವರ್ಷನ್ನು, ಎದ್ಮೇಲಿನ ಡಿಮೆಸ್ಗು, ಮೂರೂ ಮೊದಲನೇ ಪೋಸ್ಟಲ್ಲೇ ಹಾಕಿ. ಡಾಂಗಲ್ಲನ್ನ ಮುಂದಿನ ಪೋರ್ಟಿಂದ ತೆಗೆದು ಹಿಂದಿನ ಪೋರ್ಟಿಗೆ ಹಾಕಿದ್ರೂ ಹಂಗೇನಾ ಅಂತ ನೋಡ್ಕೊಂಡು ಅದನ್ನೂ ಬರೀರಿ.