ಏರು ಹತ್ತುವಾಗ ಮಾತ್ರ ಎಂಜಿನ್ ಬಿಸಿ, ಥರ್ಮೋಸ್ಟಾಟ್ ತೆಗೆದ ಮೇಲೆ ಇನ್ನೂ ಜಾಸ್ತಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು 1990ರ ದಶಕದ ಟರ್ಬೊ ಡೀಸೆಲ್ ಫೋರ್ ವೀಲ್ ಡ್ರೈವ್. ಕಬ್ಬಿಣದ ಬ್ಲಾಕ್, ಅದರ ಮೇಲೆ ಸಿಲಿಂಡರ್ ಮುಚ್ಚುವ ಅಲ್ಯೂಮಿನಿಯಂ ಹೆಡ್. ಸಮತಟ್ಟು ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ನಿಂತಲ್ಲೇ ಅರ್ಧ ಗಂಟೆ ಎಂಜಿನ್ ಓಡಿದರೂ ಗೇಜಿನ ಮುಳ್ಳು ನಡುವೆಯೇ ಇರುತ್ತದೆ. ಆದರೆ ಸಾಮಾನು ತುಂಬಿಕೊಂಡು ಉದ್ದದ ಏರು ಹತ್ತಿದರೆ ಹತ್ತು ನಿಮಿಷಕ್ಕೆ ಮುಳ್ಳು ಮೇಲೇಳುತ್ತದೆ. ಕೆಂಪು ಗೆರೆ ಮುಟ್ಟುವ ಮೊದಲೇ ನಿಲ್ಲಿಸುತ್ತಿದ್ದೇನೆ.

"ಥರ್ಮೋಸ್ಟಾಟ್ ಕಿತ್ತು ಹಾಕು, ತಣ್ಣಗಿರುತ್ತೆ" ಎಂದು ಗೆಳೆಯರೊಬ್ಬರು ಹೇಳಿದರು. ನೀರು ಬಿಸಿಯಾದ ಮೇಲೆ ರೇಡಿಯೇಟರ್ ದಾರಿ ತೆರೆಯುವ ಆ ಕವಾಟವನ್ನು ತೆಗೆದೆ. ಈಗ ಮೊದಲಿಗಿಂತ ಬೇಗ ಬಿಸಿಯಾಗುತ್ತಿದೆ! ರೇಡಿಯೇಟರ್ ಕ್ಯಾಪ್ ಹೊಸದು ಹಾಕಿದ್ದೇನೆ. ಒಂದು ತಿಂಗಳಲ್ಲಿ ಎರಡು ಸಲ ಅರ್ಧರ್ಧ ಲೀಟರ್ ನೀರು ಸೇರಿಸಬೇಕಾಯಿತು. ಎರಡು ತಿಂಗಳ ಹಿಂದೆ ಕೆಸರಿನ ದಾರಿಯಲ್ಲಿ ಎರಡು ದಿನ ಓಡಿಸಿದ್ದೆ, ಆಮೇಲೆ ಚೆನ್ನಾಗಿ ತೊಳೆದಿದ್ದೇನೆ. ಹೆಡ್ ಹೋಯಿತೇನೋ ಎಂಬ ಭಯ. ಎಲ್ಲಿಂದ ಶುರು ಮಾಡಲಿ?

ಉತ್ತರ

ಸರ್, ಮೊದಲು ಆ ಥರ್ಮೋಸ್ಟಾಟ್ ವಾಪಸ್ ಹಾಕಿ. ಹಳೆಯದು ಬೇಡ, ಅದೇ ಡಿಗ್ರಿಯ ಹೊಸದು ಹಾಕಿ. ಇಂಥ ಎಷ್ಟೋ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟಿಗೆ ಎರಡು ಕೆಲಸ. ಮುಂದಿನ ದೊಡ್ಡ ತಟ್ಟೆ ರೇಡಿಯೇಟರ್ ದಾರಿ ತೆರೆಯುತ್ತಾ ಹೋದಂತೆ, ಹಿಂದಿನ ಸಣ್ಣ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ನೀವು ತೆಗೆದಾಗ ಬೈಪಾಸ್ ಪೂರ್ತಿ ತೆರೆದೇ ಉಳಿಯಿತು. ಬಿಸಿ ನೀರಿಗೆ ಅದೇ ಹತ್ತಿರದ ದಾರಿ. ರೇಡಿಯೇಟರಿಗೆ ಹೋಗದೆ ಎಂಜಿನ್ ಒಳಗೇ ಸುತ್ತು ಹೊಡೆಯುತ್ತದೆ. ಬಿಸಿ ಜಾಸ್ತಿ ಆಗಿದ್ದು ಅದಕ್ಕೇ.

ಹೊಸದನ್ನು ಹಾಕುವ ಮೊದಲು ಪಾತ್ರೆಯಲ್ಲಿ ನೀರು ಕಾಯಿಸಿ, ದಾರ ಕಟ್ಟಿ ಇಳಿಬಿಟ್ಟು ನೋಡಿ. ಅದರ ಮೇಲೆ ಅಚ್ಚೊತ್ತಿರುವ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಬೇಕು. ಕೂರಿಸುವಾಗ ಅಂಚಿನಲ್ಲಿರುವ ಅಲ್ಲಾಡುವ ಪುಟ್ಟ ಪಿನ್ ಮೇಲಕ್ಕೆ ಬರಲಿ. ಗಾಳಿ ಹೊರಹೋಗುವುದು ಆ ತೂತಿನಿಂದಲೇ.

ಇನ್ನು ಹೆಡ್ ವಿಷಯ. ಹೆದರುವ ಮೊದಲು ಒಂದು ಪರೀಕ್ಷೆ ಮಾಡಿ, ಕಾಸು ಖರ್ಚಿಲ್ಲ. ಏರು ಹತ್ತಿ ಬಂದ ಮೇಲೆ ಗಾಡಿ ನಿಲ್ಲಿಸಿ, ಕ್ಯಾಪ್ ಮುಟ್ಟಲೇಬೇಡಿ. ಮಾರನೇ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಮೇಲಿನ ದಪ್ಪ ಹೋಸನ್ನು ಕೈಯಲ್ಲಿ ಹಿಚುಕಿ. ಮೆತ್ತಗಿದ್ದರೆ ಒಳ್ಳೆಯದು. ರಾತ್ರಿಯೆಲ್ಲಾ ತಣಿದ ಮೇಲೂ ಕಲ್ಲಿನ ಹಾಗೆ ಬಿಗಿಯಾಗಿದ್ದು, ಕ್ಯಾಪ್ ತಿರುಗಿಸಿದಾಗ ಬುಸ್ ಎಂದರೆ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ ಎಂದು ಅನುಮಾನಿಸಬೇಕು. ಇಂಗಾಲದ ಡೈಆಕ್ಸೈಡ್ ತಗುಲಿದರೆ ಬಣ್ಣ ಬದಲಾಗುವ ದ್ರವದ ಟೆಸ್ಟ್ ಕಿಟ್ ಕೂಡ ಬರುತ್ತದೆ. ಆದರೆ ಡೀಸೆಲ್ ಎಂಜಿನ್ ನಿಂತಲ್ಲೇ ಓಡುವಾಗ, ಅಂದರೆ ಐಡಲ್‌ನಲ್ಲಿ ತುಂಬಾ ಗಾಳಿ ಎಳೆದು ಕಡಿಮೆ ಇಂಧನ ಸುಡುತ್ತದೆ, ಹಾಗಾಗಿ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆ. ಸುಮ್ನೆ ನಿಲ್ಲಿಸಿ ಮಾಡಿದ ಟೆಸ್ಟಲ್ಲಿ ಸಣ್ಣ ಸೋರಿಕೆ ತಪ್ಪಿಹೋಗಬಹುದು. ಎಂಜಿನ್ ಮೇಲೆ ಭಾರ ಬಿದ್ದ ಕೂಡಲೇ ಮಾಡಿದರೆ ನಂಬಬಹುದು.

ನಿಂತಲ್ಲಿ ತಣ್ಣಗಿದೆ ಎಂದಿರಿ. ಅದನ್ನು ನಂಬಿ ಫ್ಯಾನ್ ಸರಿಯಿದೆ ಎಂದುಕೊಳ್ಳಬೇಡಿ. ಡೀಸೆಲ್ ಐಡಲ್‌ನಲ್ಲಿ ಬಿಸಿಯಾಗುವುದೇ ಕಡಿಮೆ. ಟರ್ಬೊ ಪೂರ್ತಿ ಒತ್ತಡ ಕೊಡುತ್ತಾ, ಗಾಡಿ ನಿಧಾನ ಹತ್ತುತ್ತಾ, ಎದುರುಗಾಳಿ ಇಲ್ಲದಿರುವ ಹೊತ್ತೇ ನಿಜವಾದ ಪರೀಕ್ಷೆ. ಆ ಹೊತ್ತಲ್ಲಿ ಸೋಲುತ್ತಿದೆ ಎಂದರೆ ನನ್ನ ಅನುಮಾನ ಎರಡೇ: ರೇಡಿಯೇಟರ್ ಮೂಲಕ ಗಾಳಿ ಹೋಗುತ್ತಿಲ್ಲ, ಅಥವಾ ಬಿಸಿಯಾದಾಗ ಫ್ಯಾನನ್ನು ಎಂಜಿನ್ ಜೊತೆ ಬಿಗಿಯಾಗಿ ಸುತ್ತಿಸುವ ಫ್ಯಾನ್ ಕ್ಲಚ್ ಹಿಡಿಯುತ್ತಿಲ್ಲ.

ನೀವು ತೊಳೆದಿದ್ದು ಮುಂದಿನಿಂದ ಅಲ್ವಾ? ಎಸಿ ಕಂಡೆನ್ಸರ್ ಹಿಂದೆ, ರೇಡಿಯೇಟರ್ ಮುಂದೆ ಒಂದು ಸಂದು ಇದೆ. ಕೆಸರು ಕೂರುವುದು ಅಲ್ಲಿ, ಹೊರಗಿನಿಂದ ಕಾಣುವುದೇ ಇಲ್ಲ. ಮುಂದಿನಿಂದ ನೀರು ಹೊಡೆದರೆ ಅದನ್ನು ಇನ್ನೂ ಒಳಕ್ಕೆ ತಳ್ಳಿದ ಹಾಗೆ. ಮೇಲಿನ ಬ್ರಾಕೆಟ್ ಬಿಚ್ಚಿ, ಟಾರ್ಚ್ ಹಾಕಿ ನೋಡಿ.

ಫ್ಯಾನ್ ಕ್ಲಚ್‌ಗೆ: ಎಂಜಿನ್ ಆರಿಸಿ, ತಣ್ಣಗಿದ್ದಾಗ ಒಮ್ಮೆ, ಚೆನ್ನಾಗಿ ಬಿಸಿಯಾದಾಗ ಒಮ್ಮೆ ಕೈಯಲ್ಲಿ ತಿರುಗಿಸಿ. ಬಿಸಿಯಲ್ಲಿ ಗಟ್ಟಿಯಾಗಬೇಕು. ಆಗಲೂ ಗಿರಗಿರ ಸುತ್ತಿದರೆ ಒಳಗಿನ ಸಿಲಿಕೋನ್ ಎಣ್ಣೆ ಸೋರಿಹೋಗಿರಬಹುದು. ಕ್ಲಚ್ ಮೈಮೇಲೆ ಎಣ್ಣೆ ಮೆತ್ತಿದ ಧೂಳು ಕಂಡರೆ ಅದೇ ಗುರುತು.

ಪ್ರಶ್ನೆ ಕೇಳಿದವರು

ಬಹಳ ಉಪಕಾರವಾಯಿತು. ಬೆಳಿಗ್ಗೆ ಹೋಸ್ ಮೆತ್ತಗಿತ್ತು, ಬುಸ್ ಎನ್ನಲಿಲ್ಲ. ಎಷ್ಟು ಸಮಾಧಾನ ಆಯಿತು ಅಂದರೆ ಹೇಳತೀರದು. ಫ್ಯಾನ್ ಬಿಸಿಯಲ್ಲಿ ಗಟ್ಟಿಯಾಗಿಯೇ ಇದೆ.

ರೇಡಿಯೇಟರ್ ಇಳಿಸಿದೆ. ನೀವು ಹೇಳಿದ್ದೇ ನಿಜ. ಕೆಳಗಿನ ಮೂರನೇ ಒಂದು ಭಾಗ ಪೂರ್ತಿ ಮುಚ್ಚಿತ್ತು. ಒಣಗಿದ ಕೆಸರು, ಹುಲ್ಲಿನ ಬೀಜ, ಸತ್ತ ಹುಳ, ಎಲ್ಲಾ ಸೇರಿ ಕಂಬಳಿಯ ಹಾಗೆ ಅಂಟಿಕೊಂಡಿತ್ತು. ಬೆರಳಲ್ಲಿ ಎತ್ತಿದರೆ ರೇಡಿಯೇಟರಿನ ತೆಳು ತಗಡುಗಳಾದ ಫಿನ್‌ಗಳ ಅಚ್ಚು ಮೂಡಿದ ಚಕ್ಕೆಯಾಗಿ ಎದ್ದು ಬಂತು. ಈಗ ಪ್ರೆಶರ್ ವಾಷರ್ ಹಿಡಿಯಲೇ? ಕೂಲೆಂಟ್ ಯಾವ ಬಣ್ಣದ್ದು ಹಾಕಲಿ?

ಉತ್ತರ

ಪ್ರೆಶರ್ ವಾಷರ್ ಬೇಡ, ಫಿನ್ ಮಡಚಿ ಹೋಗುತ್ತವೆ. ಒಂದು ಗಂಟೆ ನೆನೆಸಿಡಿ. ಆಮೇಲೆ ಸಾಮಾನ್ಯ ಪೈಪಿನಲ್ಲಿ ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಡಿ, ಆಚೆ ತಿಳಿ ನೀರು ಬರುವವರೆಗೆ. ಕಂಡೆನ್ಸರಿಗೂ ಹಾಗೇ. ಪ್ಲಾಸ್ಟಿಕ್ ಟ್ಯಾಂಕ್ ಇದ್ದರೆ ಹೋಸ್ ಕೂರುವ ಕುತ್ತಿಗೆಯನ್ನು ಉಗುರಲ್ಲಿ ಗೀರಿ ನೋಡಿ. ಕಂದು ಬಣ್ಣಕ್ಕೆ ತಿರುಗಿ ಪುಡಿ ಉದುರಿದರೆ ಅದರ ಆಯಸ್ಸು ಮುಗಿದಿದೆ.

ಬಣ್ಣ ನೋಡಿ ಕೂಲೆಂಟ್ ಕೊಳ್ಳಬೇಡಿ. ಬಣ್ಣ ಒಂದೊಂದು ಕಂಪನಿಯದು ಒಂದೊಂದು. ಗಾಡಿಯ ಕೈಪಿಡಿ ಹೇಳುವ ಮಾದರಿ ನೋಡಿ. ಬೇರೆ ಬೇರೆ ಮಾದರಿ ಬೆರೆಸಿದರೆ ಕೆಲವೊಮ್ಮೆ ಲೋಳೆಯಾಗಿ ಕಟ್ಟಿಕೊಳ್ಳುತ್ತದೆ. ಬರೀ ನೀರು ಸೇರಿಸಿದ್ದೀರಿ, ಈಗಿರುವುದು ತೆಳ್ಳಗಾಗಿದೆ, ಹಾಗಾಗಿ ಪೂರ್ತಿ ಬದಲಿಸಿ. ರೇಡಿಯೇಟರ್ ಬರಿದಾದರೆ ಸಾಲದು, ಬ್ಲಾಕಿನ ಪಕ್ಕದ ಡ್ರೈನ್ ಪ್ಲಗ್ ಕೂಡ ಬಿಚ್ಚಿ. ಎಷ್ಟೋ ಜನ ಅದನ್ನು ಮುಟ್ಟುವುದೇ ಇಲ್ಲ, ಹಳೆಯದು ಒಳಗೇ ಉಳಿಯುತ್ತದೆ. ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿ. ಗಡಸು ನೀರು ಹಾಕಿದರೆ ಒಳಗೆಲ್ಲಾ ಉಪ್ಪು ಕಟ್ಟುತ್ತದೆ.

ಕ್ಯಾಪ್ ಮೇಲಿನ ಅಂಕಿಯನ್ನೂ ನೋಡಿ, ಅದು ಕ್ಯಾಪ್ ಹಿಡಿದಿಡುವ ಒತ್ತಡ. 0.9 ಬಾರ್ ಕ್ಯಾಪ್ ಇದ್ದರೆ ಬರೀ ನೀರು ಸುಮಾರು 118 ಡಿಗ್ರಿಗೆ ಕುದಿಯುತ್ತದೆ, ಸಮಸಮ ಮಿಶ್ರಣ 125 ದಾಟಿದ ಮೇಲೆ. ಸಡಿಲ ಕ್ಯಾಪ್ ಹಾಕಿದರೆ ಈ ಅಂತರವೆಲ್ಲಾ ಹೋಯಿತು.

ತುಂಬುವಾಗ ಗಾಡಿಯ ಮೂತಿ ಮೇಲಕ್ಕಿರಲಿ. ಹೀಟರ್ ಪೂರ್ತಿ ಬಿಸಿ ಕಡೆಗೆ ತಿರುಗಿಸಿ. ನಿಧಾನಕ್ಕೆ ಸುರಿಯಿರಿ, ಮೇಲಿನ ಹೋಸನ್ನು ಹಿಚುಕುತ್ತಿರಿ. ಎಂಜಿನ್ ಚಾಲೂ ಮಾಡಿ, ಗುಳ್ಳೆ ನಿಂತು ಹೀಟರಿನಿಂದ ಬಿಸಿ ಗಾಳಿ ಬಂದ ಮೇಲೆ ಕ್ಯಾಪ್ ಹಾಕಿ.

ಇನ್ನೊಂದು. ಹಳೇ ಗಾಡಿಯ ಗೇಜನ್ನು ನಂಬಬೇಡಿ. ಎಷ್ಟೋ ಗಾಡಿಗಳಲ್ಲಿ ಮುಳ್ಳು ನಡುವೆ ನಿಂತಿರುವಾಗಲೇ ಒಳಗಿನ ಬಿಸಿ ಎಷ್ಟೋ ಡಿಗ್ರಿ ಏರಿರುತ್ತದೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಹಾಗಾಗಿ ಒಂದು ಸಲ ಮಿತಿ ಮೀರಿದರೂ ಹೆಡ್ ಸೊಟ್ಟಗಾಗಬಹುದು. ಡಿಗ್ರಿ ತೋರಿಸುವ ಬೇರೆ ಗೇಜ್ ಹಾಕಿಸಿ, ಅಲಾರಂ ಇರುವುದಾದರೆ ಇನ್ನೂ ಒಳ್ಳೆಯದು. ಏರಿನಲ್ಲಿ ಬಿಸಿ ಹತ್ತತೊಡಗಿದರೆ ಗೇರ್ ಇಳಿಸಿ, ಆಕ್ಸಿಲರೇಟರ್ ಸ್ವಲ್ಪ ಸಡಿಲಿಸಿ. ವಾಟರ್ ಪಂಪ್, ಫ್ಯಾನ್ ಎರಡೂ ಎಂಜಿನ್ ಜೊತೆಗೇ ಸುತ್ತುತ್ತವೆ, ಆರ್‌ಪಿಎಂ ಏರಿದರೆ ಎರಡೂ ಚುರುಕಾಗುತ್ತವೆ.

ಪ್ರಶ್ನೆ ಕೇಳಿದವರು

ಹತ್ತು ದಿನ ಆಯಿತು. ಹೊಸ ಗೇಜ್ ಹಾಕಿಸಿ, ಅದೇ ಸಾಮಾನು ತುಂಬಿ, ಅದೇ ಏರು ಹತ್ತಿದೆ. 94 ಡಿಗ್ರಿಗೆ ಹೋಗಿ ಅಲ್ಲೇ ನಿಂತಿತು. ಹಳೇ ಮುಳ್ಳು ಅಲ್ಲಾಡಲೇ ಇಲ್ಲ. ಆದರೆ ರಿಸರ್ವ್ ಟ್ಯಾಂಕಿನಲ್ಲಿ ಗೆರೆಗಿಂತ ಎರಡು ಬೆರಳು ಕಡಿಮೆ ಆಗಿದೆ. ಹೋಸ್ ಈಗಲೂ ಬೆಳಿಗ್ಗೆ ಮೆತ್ತಗಿರುತ್ತದೆ. ನೀರು ಎಲ್ಲಿಗೆ ಹೋಗುತ್ತಿದೆ?

ಉತ್ತರ

ಟ್ಯಾಂಕಿನಲ್ಲಿ ಸ್ವಲ್ಪ ಇಳಿದಿದ್ದು ಒಳಗೆ ಉಳಿದಿದ್ದ ಗಾಳಿ ಹೊರಬಂದಿದ್ದಕ್ಕೂ ಇರಬಹುದು. ಆದರೆ ಮೊದಲು ಒಂದು ಲೀಟರ್ ಹೋಗಿತ್ತಲ್ಲ, ಅದಕ್ಕೆ ಬೇರೆ ಕಾರಣ ಬೇಕು. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ, ಒಳಗಿನ ಸೀಲ್ ಹೋದಾಗ ನೀರು ಹೊರಬರಲೆಂದೇ ಇಟ್ಟಿದ್ದು. ಕನ್ನಡಿ ಹಿಡಿದು ನೋಡಿ. ಬಿಸಿ ಎಂಜಿನ್ ಮೇಲೆ ನೀರು ಆರಿಹೋಗುತ್ತದೆ, ನೆಲದ ಮೇಲೆ ಹನಿ ಸಿಗುವುದಿಲ್ಲ, ಕೂಲೆಂಟಿನ ಒಣಗಿದ ಗೆರೆ ಮಾತ್ರ ಉಳಿಯುತ್ತದೆ.

ಪ್ರಶ್ನೆ ಕೇಳಿದವರು

ಸಿಕ್ಕಿತು! ತೂತಿನಿಂದ ಕೆಳಕ್ಕೆ ತಿಳಿ ಗುಲಾಬಿ ಬಣ್ಣದ ಗೆರೆ, ಮುಟ್ಟಿದರೆ ಉಪ್ಪಿನ ಹಾಗೆ ಪುಡಿಯಾಗುತ್ತದೆ. ಫ್ಯಾನ್ ಹಿಡಿದು ಅಲ್ಲಾಡಿಸಿದರೆ ಪಂಪಿನ ಶಾಫ್ಟ್ ಕೂಡ ಸ್ವಲ್ಪ ಆಡುತ್ತಿದೆ. ಹೊಸ ಪಂಪ್, ಗ್ಯಾಸ್ಕೆಟ್ ತರಿಸುತ್ತಿದ್ದೇನೆ.

ಉತ್ತರ

ಶಾಫ್ಟ್ ಆಡುತ್ತಿದ್ದರೆ ಪಂಪ್ ಬದಲಿಸುವವರೆಗೆ ಗಾಡಿ ತೆಗೆಯಲೇಬೇಡಿ ಸರ್. ಬೇರಿಂಗ್ ಕಿತ್ತುಬಂದರೆ ಫ್ಯಾನ್ ನೇರ ರೇಡಿಯೇಟರಿಗೆ ಬಡಿಯುತ್ತದೆ. ಪಂಪ್ ಜೊತೆ ಬೆಲ್ಟ್, ಕೆಳಗಿನ ಹೋಸ್ ಕೂಡ ತರಿಸಿಕೊಳ್ಳಿ. ಹೇಗೂ ಅವನ್ನು ಬಿಚ್ಚಲೇಬೇಕು.